ರೇಡಿಯೋದಲ್ಲಿ ಬಂದ ಕೆಮ್ಮು

ಇವತ್ತು ಬೆಳಿಗ್ಗೆ ರೇಡಿಯೋದಲ್ಲಿ ಮಕ್ಕಳ ಬೇಸಿಗೆ ಶಿಬಿರದ ಬಗ್ಗೆ ಒಂದು ಕಾರ್ಯಕ್ರಮ ಬಂತು. ಹಾಡಿನ ನಡುವೆ ಯಾವುದೋ ಮಗು ಕೆಮ್ಮಿತು. ನನ್ನ ಮೂಗಿಗೆ ಶುಂಠಿ ಕಷಾಯದ ಘಾಟು ಬಡಿದಂತಾಯಿತು.

ನಾನು ಸಣ್ಣವಳಿದ್ದಾಗಿನ ಮಾತು. ಸ್ವಾತಂತ್ರ್ಯ ಬಂದಿತ್ತು, ಕರ್ನಾಟಕ ಇನ್ನೂ ಒಂದಾಗಿರಲಿಲ್ಲ. ಶಿಗ್ಲಿಯಿಂದ ನಾವು ಹತ್ತು ಹುಡುಗಿಯರು ಮಾಗಡಿ ಕೆರೆಯ ದಂಡೆಯ ಶಿಬಿರಕ್ಕೆ ಹೋಗಿದ್ದೆವು. ರೇಡಿಯೋದವರು ಬಂದು ನಮ್ಮ ಹಾಡನ್ನು ಮುದ್ರಿಸಿಕೊಂಡು ಹೋದರು. ಹದಿನೈದು ದಿನದ ಮೇಲೆ ಅದು ಪ್ರಸಾರವಾದಾಗ ಊರೆಲ್ಲ ಚಾವಡಿಯ ರೇಡಿಯೋ ಮುಂದೆ ಸೇರಿತ್ತು. ನಾಡು ಒಂದಾಗಲಿ ಎಂಬ ಹಾಡನ್ನು ಗೌಡರು ಎದ್ದು ನಿಂತು ಕೇಳಿದರು.

“ನಿಮ್ಮ ಮಗಳು ಭಾಳ ಛಲೋ ಹಾಡ್ಯಾಳ ನೋಡ್ರಿ,” ಎಂದು ಮಾಸ್ತರು ನನ್ನ ಅವ್ವನಿಗೆ ಹೇಳಿದರು.

ಅವ್ವ ನನ್ನ ಕೈ ಹಿಡಿದು ಮನೆಗೆ ಕರೆದೊಯ್ದಳು. ಶಿಬಿರದಲ್ಲಿ ಹಾಡಿನ ನಡುವೆ ನಾನು ಎರಡು ಸಲ ಕೆಮ್ಮಿದ್ದೆ, ಅದೂ ರೇಡಿಯೋದಲ್ಲಿ ಕೇಳಿಸಿತ್ತು. ಅವಳು ಒಲೆ ಹೊತ್ತಿಸಿ ಕಷಾಯ ಕುದಿಸಿದಳು.

“ಅದು ಆಗಿನ ಕೆಮ್ಮು ಅವ್ವಾ. ಈಗ ನಾ ಆರಾಮ ಅದೀನಿ,” ಎಂದೆ.

“ಆಗ ಯಾರೂ ಕೊಡಲಿಲ್ಲಲ್ಲ. ಈಗರೆ ಕುಡಿ.”

ಇವತ್ತು ನನ್ನ ಮಗಳು, “ಕಾರ್ಯಕ್ರಮ ಹೆಂಗಿತ್ತವ್ವಾ?” ಎಂದು ಕೇಳಿದಳು.

“ಛಲೋ ಇತ್ತು. ಆ ಕೂಸಿಗೆ ಯಾರರೆ ಕಷಾಯ ಕೊಟ್ರೋ ಇಲ್ಲೋ,” ಎಂದೆ.