ತುಂಬದೆ ಉಳಿದ ಉಡಿ

ಬಿಸಿಲಿಗೆ ಡಾಕ್ಟರಬಾಯಾರ ಮೂಗಿನ ತುದಿ ಸಿಪ್ಪೆ ಎದ್ದು, ಹೆರೆದ ಗಜ್ಜರಿಯಂತೆ ಕೆಂಪಗಿರುತ್ತಿತ್ತು. ಅದಕ್ಕೆ ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದರೋ ತುಪ್ಪವೋ, ನೆನಪಿಲ್ಲ. ಕೆಲವು ವಿವರಗಳನ್ನು ನಾನು ತಪ್ಪಾಗಿಯೇ ಹೇಳುತ್ತಿರಬಹುದು. ಸಿಟ್ಟು ಬೆರೆತ ನೆನಪನ್ನು ಪೂರ್ತಿ ನಂಬಬಾರದು.

ಅದು ಎಪ್ಪತ್ತರ ದಶಕ. ನಾನು ಧಾರವಾಡದಲ್ಲಿ ಎಂ.ಎ. ಓದುತ್ತಿದ್ದೆ. ಕಾಲೇಜಿನ ಸೂಟಿಗೆ ನಮ್ಮೂರು ಬಸವನ ಬಾಗೇವಾಡಿಗೆ ಬಂದಾಗ ಅವರು ಊರಿನ ಧರ್ಮಾರ್ಥ ದವಾಖಾನೆಯಲ್ಲಿದ್ದರು. ಸಂಬಳವಿಲ್ಲದೆ ಸೇವೆ ಮಾಡಲು ಪರದೇಶದಿಂದ ಬಂದ ಮನೋರೋಗದ ವೈದ್ಯೆ. ಸಂತೆಯ ದಿನ ಗೊಳಸಂಗಿ, ನಿಡಗುಂದಿ ಕಡೆಯವರೂ ಬಂದು ತೋರಿಸಿಕೊಳ್ಳುತ್ತಿದ್ದರು. ಎಲ್ಲರಿಗೂ ಅವರು ‘ಡಾಕ್ಟರಬಾಯಾರು’. ಇಂಗ್ಲಿಷ್ ಬರುತ್ತದೆಂದು ನಾನು ಅವರ ದುಭಾಷಿಯಾದೆ. ಅವ್ವ ಕರೆದದ್ದರಿಂದ ಅವರು ನಮ್ಮ ಮನೆಗೂ ಬರತೊಡಗಿದರು, ಅತ್ತೆಗಾಗಿ.

ಅತ್ತೆ ಅಪ್ಪನ ತಂಗಿ. ಆಕೆಯನ್ನು ತವರಿಗೆ ಕರೆತಂದ ಗಂಡ, ಎಲೆಅಡಿಕೆ ತರುತ್ತೇನೆಂದು ಅಂಗಳ ದಾಟಿದವನು ತಿರುಗಿ ಬರಲಿಲ್ಲ. ಅತ್ತೆ ಗೋಡೆಗೆ ಮುಖ ಮಾಡಿ ಕೂತು, ಮಾತು ಬಿಟ್ಟಳು. ಓಣಿಯವರು ಆಕೆಯನ್ನು ಅರಿಷಿಣ ಕುಂಕುಮಕ್ಕೆ ಕರೆಯುವುದನ್ನೂ ಬಿಟ್ಟರು.

ಬಾಯಾರು ಗುಳಿಗೆ ಕೊಟ್ಟರು, ಪ್ರಶ್ನೆ ಕೇಳಲಿಲ್ಲ. ಅಡುಗೆಮನೆಯಲ್ಲಿ ಆಕೆಯ ಪಕ್ಕ ಕೂತು ರೊಟ್ಟಿ ಬಡಿಯುವರು. ಎಲ್ಲವೂ ಹರಿಯುತ್ತಿದ್ದವು.

“ಬಾಯಾರ, ಇದು ರೊಟ್ಟಿ ಅಲ್ರಿ, ಹರಕ ಚಾಪಿ!” ಎಂದು ಅವ್ವ ನಗುವಳು.

ಅತ್ತೆಯನ್ನು ಮಾತಾಡಿಸಲು ನಾನು ಹೋದರೆ, “ಸುಮ್ಮ ಕೂಡ್ರು. ಆಕಿ ಬರ್ತಾಳ,” ಎಂದು ಆಗಷ್ಟೇ ಕಲಿತ ಕನ್ನಡದಲ್ಲಿ ತಡೆಯುವರು.

ಒಂದು ದಿನ ಅತ್ತೆ ಗೋಡೆಯಿಂದ ಇತ್ತ ತಿರುಗಿದಳು. “ಹಿಟ್ಟ ಇನ್ನಾ ನಾದಬೇಕ್ರಿ.”

ಅವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಬಾಯಾರು ಮಾತ್ರ ಏನೂ ಆಗಿಲ್ಲವೆಂಬಂತೆ ಹಿಟ್ಟಿನ ಪರಾತವನ್ನು ಅತ್ತೆಯತ್ತ ಸರಿಸಿದರು.

ಅವರು ತಮ್ಮ ದೇಶಕ್ಕೆ ಮರಳುವ ದಿನ ಬಂತು. ಅತ್ತೆ ಬೇಡಿದ್ದು ಒಂದೇ: “ಮನೀಗೆ ಬಂದು, ನನ್ನ ಮುಂದ ಹೇಳಿ ಹೋಗ್ರಿ.” ಬಾಯಾರು ಆಕೆಯ ಕೈ ಹಿಡಿದು, “ಹೇಳೇ ಹೋಗ್ತೇನಿ,” ಎಂದರು.

ತವರಿನಿಂದ ಹೊರಟ ಮಗಳಿಗೆ ತುಂಬುವಂತೆ ತಾನೇ ಅವರಿಗೆ ಉಡಿ ತುಂಬುತ್ತೇನೆಂದಳು ಅತ್ತೆ. ಸಂತೆಗೆ ಒಬ್ಬಳೇ ಹೋಗಿ ಕುಪ್ಪಸದ ಖಣ ಆರಿಸಿ ತಂದಳು. ಅಪ್ಪನ ತಮ್ಮ, ನಮ್ಮ ಕಾಕಾ ಸಿಡಿದರು. “ಗಂಡ ಬಿಟ್ಟಾಕಿ ಉಡಿ ತುಂಬತಾಳಂತ! ಹುಚ್ಚರ ಡಾಕ್ಟರ ಬರೂ ಮನೀಗೆ ಇನ್ನ ಹೆಣ್ಣ ನೋಡಾಕ ಯಾರ ಬರ್ತಾರ?” ಆ ಹೆಣ್ಣು ನಾನು.

“ಮಂದಿ ನಗಲಿ ಬಿಡಪಾ. ಮನ್ಯಾಗಿನ ಅಳೂಕಿಂತ ಛಲೋ,” ಎಂದಳು ಅವ್ವ.

ಆ ದಿನ ಮೊರದಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಖಣ ಜೋಡಿಸಿಕೊಂಡು ಅತ್ತೆ ಬಾಗಿಲ ಕಡೆ ಮುಖ ಮಾಡಿ ಕೂತಳು. ಊಟದ ಹೊತ್ತು ಮೀರಿತು. ನಾನು ದವಾಖಾನೆಗೆ ಓಡಿದೆ. ಬಾಯಾರ ಕೋಣೆಗೆ ಕೀಲಿ ಬಿದ್ದಿತ್ತು.

“ನಸಿಕಿನ್ಯಾಗ ವಿಜಾಪುರದ ಬಸ್ ಹತ್ತಿದ್ರಲ್ಲವಾ,” ಎಂದ ಕಂಪೌಂಡರ್. “ನಿಮ್ಮ ಕಾಕಾನೇ ಅವರ ಟ್ರಂಕ ಹೊತ್ತು ಬಸ್ಸಿನ್ಯಾಗ ಇಟ್ರು.”

ಮನೆಗೆ ಬಂದು ಕೇಳಿದರೆ, “ಏನೋ ಅವಸರ ಐತಿ ಅಂದ್ರು,” ಎಂದಷ್ಟೇ ಹೇಳಿ ಕಾಕಾ ಹೊಲಕ್ಕೆ ನಡೆದರು. ಅತ್ತೆ ಮೊರದ ಅಕ್ಕಿಯನ್ನು ತಿರುಗಿ ಡಬ್ಬಿಗೆ ಸುರಿದಳು. “ಆಕಿನೂ ಅವನಂಗ,” ಎಂದಳು. ಮತ್ತೆ ಗೋಡೆಗೆ ತಿರುಗಿದಳು. ಗುಳಿಗೆ ಕೊಟ್ಟರೆ ಉಗುಳುತ್ತಿದ್ದಳು.

ಸುಮ್ಮನೆ ಪಕ್ಕದಲ್ಲಿ ಕೂಡುವುದನ್ನು ನಾನು ಬಾಯಾರಿಂದಲೇ ಕಲಿತೆ. ಅತ್ತೆ ಸಾಯುವವರೆಗೂ ಆಕೆಯ ಪಕ್ಕ ಹಾಗೆ ಕೂತೆ. ಆಕೆ ಮತ್ತೆ ಇತ್ತ ತಿರುಗಲಿಲ್ಲ. ಸಮುದ್ರ ದಾಟಿ ಬಂದವರಿಗೆ ಒಂದು ಓಣಿ ದಾಟಲು ಆಗಲಿಲ್ಲವೆ ಎಂದು ವರ್ಷಗಟ್ಟಲೆ ಅವರ ಮೇಲೆ ಹಲ್ಲು ಕಡಿದೆ. ಸಿಟ್ಟು ಸಲ್ಲಬೇಕಾದದ್ದು ಅವರಿಗೋ ಅಲ್ಲವೋ, ಈಗ ಖಾತ್ರಿಯಿಲ್ಲ.

ಅತ್ತೆಯನ್ನು ಮಣ್ಣು ಮಾಡಿ ಬಂದ ಮೇಲೆ ಕಾಕಾ ಪಡಸಾಲೆಯಲ್ಲಿ ಅಡಿಕೆ ಕತ್ತರಿಸುತ್ತಿದ್ದರು. ನನ್ನ ಮಾತಿಗೆ ಅಡಕತ್ತರಿ ನಿಂತಿತು, ಮತ್ತೆ ನಡೆಯಿತು. ನಾನು ಕೇಳಿದ್ದು ಇಷ್ಟೇ:

“ಬಾಯಾರು ಮನೀಗೆ ಬರ್ತೇನಿ ಅಂದಾಗ ಬ್ಯಾಡಂದವರು ನೀವೇನ್ರಿ, ಕಾಕಾ?”