ಕ್ಯಾಸೆಟ್ಟಿನಲ್ಲಿ ನಾನು ಆಡದ ಮಾತು

ದೆವ್ವ, ಗಾಳಿ, ಮಾಟ ಎಂದು ಯಾರಾದರೂ ಶುರುಮಾಡಿದರೆ ಎದ್ದುಹೋಗುತ್ತಿದ್ದವಳು ನಾನು. ಮೂರನೇ ಕ್ಲಾಸಿಗೆ ಇಸ್ಕೂಲು ಬಿಟ್ಟೆ. ಆದರೂ ಕಂಡದ್ದನ್ನು ಕಂಡೆ, ಕಾಣದ್ದನ್ನು ಕಾಣೆ ಎನ್ನುವಷ್ಟು ಬುದ್ಧಿಯಿತ್ತು. ಇದೊಂದು ಮಾತ್ರ ಆ ಬುದ್ಧಿಗೆ ಸಿಕ್ಕಿಲ್ಲ. ನಂಬುವುದು ಬಿಡುವುದು ನಿಮ್ಮಿಷ್ಟ.

ಎಂಬತ್ತನೇ ಇಸವಿಯ ಆಚೀಚೆ ಇರಬೇಕು. ಕಳಲೆಯ ನಮ್ಮ ಮನೆಗೆ ದೊಡ್ಡ ಮಗಳು ಗೌರಿಯನ್ನು ನೋಡಲು ಮೂಗೂರಿನಿಂದ ಗಂಡಿನ ಕಡೆಯವರು ಬಂದರು. ಹುಡುಗ ಮೇಷ್ಟ್ರು. ನಾಲೆ ನೀರಿನ ಗದ್ದೆಯಿತ್ತು, ಕೆಟ್ಟ ಚಟವಿರಲಿಲ್ಲ. ಈ ಸಂಬಂಧ ಕೂಡಿಬರಲಿ ಎಂದು ನಾನು ನಂಜುಂಡಪ್ಪನಿಗೆ ಹರಕೆ ಹೊತ್ತಿದ್ದೆ. ಇದನ್ನು ನೆನಪಿಟ್ಟುಕೊಳ್ಳಿ.

ಹುಡುಗನ ಅಜ್ಜಿಗೆ ಕಣ್ಣು ಕಾಣದು. ಹುಡುಗಿಯ ಧ್ವನಿಯನ್ನಾದರೂ ಕೇಳದೆ ಒಪ್ಪುವುದಿಲ್ಲ ಎಂದು ಹಟ ಹಿಡಿದಿದ್ದಳಂತೆ. ಅದಕ್ಕೇ ಹುಡುಗನ ಸೋದರಮಾವ ಟೇಪ್ ರೆಕಾರ್ಡರ್ ತಂದಿದ್ದ. ಮೈಕನ್ನು ಗೌರಿಯ ಬಾಯಿಗೆ ಗೇಣು ದೂರದಲ್ಲಿ ಹಿಡಿದು, “ಅಲ್ಲಾಡ್ಬ್ಯಾಡ ಕಣವ್ವ. ದೂರ ಸರಿದ್ರೆ ಬಾವಿಯೊಳಗಿಂದ ಕೂಗ್ದಂಗೆ ಬತ್ತದೆ” ಎಂದ. ಅವಳು ಒಂದು ದೇವರ ಪದ ಹಾಡಿದಳು. ನಾನು ಹಿಂದಿನ ಅಡುಗೆಮನೆಯಲ್ಲಿ, ಎರಡು ಗೋಡೆಯಾಚೆ, ಕೇಸರಿಬಾತು ತಿರುವುತ್ತಿದ್ದೆ. ಬಾಯಿತುಂಬ ಎಲೆಅಡಿಕೆಯಿತ್ತು.

ಆಮೇಲೆ ಕ್ಯಾಸೆಟ್ಟು ಹಿಂದಕ್ಕೆ ತಿರುಗಿಸಿ ಎಲ್ಲರಿಗೂ ಕೇಳಿಸಿದ. ನಾನೂ ಒಳಬಾಗಿಲ ಮರೆಗೆ ಬಂದು ಕೇಳಿದೆ. ಗೌರಿಯ ಹಾಡು ಹೊಳೆಯ ಆಚೆ ದಡದಿಂದ ಬಂದಂತಿತ್ತು. ಅದರ ಮೇಲೆ, ಕಿವಿಗೆ ಬಾಯಿಟ್ಟು ಹೇಳಿದ ಹಾಗೆ, ಉಸಿರಿನ ಸಮೇತ ಇನ್ನೊಂದು ಧ್ವನಿ: “ಬ್ಯಾಡ ಕಣವ್ವ, ಈ ಮನೆ ಬ್ಯಾಡ.”

ಧ್ವನಿ ನನ್ನದೇ.

ನಮ್ಮ ಯಜಮಾನರು ಒಳಗೆ ಬಂದು, “ಏನಮ್ಮಿ, ಬಂದೋರ್ ಮುಂದೆ ಮಾನ ಕಳೀತೀಯ?” ಎಂದರು. ಎಲೆಅಡಿಕೆ ಉಗಿದು ಬಂದು, ಆ ಮಾತು ನಾನು ಆಡಿಲ್ಲ ಎಂದು ಆಣೆ ಮಾಡಿದೆ. ಸೋದರಮಾವನಿಗೂ ತಲೆ ಕೆಟ್ಟಿತು. “ಅಕ್ಕಾ, ನೀವು ಒಲೆ ಮುಂದ್ಲಿಂದ್ಲೇ ಆ ಮಾತು ಅನ್ನಿ” ಎಂದ. ಅಂದೆ. ಕೇಳಿದರೆ ಸೊಳ್ಳೆ ಗುಂಯ್ ಎಂದಷ್ಟು. ಆಮೇಲೆ ಮೈಕನ್ನು ನನ್ನ ತುಟಿಗೇ ತಂದು ಹೇಳಿಸಿದ. ಆಗ ಬಂತು, ಮೊದಲಿನದೇ ಧ್ವನಿ, ಅದೇ ಉಸಿರು. ಹತ್ತಿರವಿಲ್ಲದೆ ಆ ಮಾತು ಹಾಗೆ ಬರುವುದಿಲ್ಲ ಎಂದು ಅವನೇ ಒಪ್ಪಿದ. ಗೌರಿಯ ಪಕ್ಕದಲ್ಲಿ ನಾನಿರಲಿಲ್ಲ ಎಂದು ಕೂತಿದ್ದವರೆಲ್ಲ ಒಪ್ಪಿದರು. ಗೌರಿಯೇ ಅಂದಳು ಎನ್ನೋಣವೆಂದರೆ, ಹಾಡುವ ಬಾಯಿ ಇನ್ನೊಂದು ಮಾತು ಆಡುವುದೆಂತು?

ಕೊನೆಗೆ ಆ ಕ್ಯಾಸೆಟ್ಟನ್ನೇ ಒಯ್ದರು. ವಾರದೊಳಗೆ ಅಜ್ಜಿಯಿಂದ ಹೇಳಿಕೆ ಬಂತು: “ಉಡುಗಿ ದೂರ ಅವ್ಳೆ, ಅವರವ್ವ ಅತ್ರ ಅವ್ಳೆ. ನಮಗ್ ಬ್ಯಾಡ.” ಸಂಬಂಧ ಅಲ್ಲಿಗೆ ಮುರಿಯಿತು. ಯಜಮಾನರು ಸಾಯುವವರೆಗೂ ನನ್ನನ್ನು ನಂಬಲಿಲ್ಲ.

ಗೌರಿಯನ್ನು ಚಿಕ್ಕಯ್ಯನಛತ್ರದ ಕಡೆ ಕೊಟ್ಟೆವು. ಒಂದು ಸಲ ಬಾಣಂತನಕ್ಕೆ ಬಂದಾಗ, “ಆ ಮೇಷ್ಟ್ರನ್ನ ಮಾಡ್ಕೊಳಕೆ ನಿಂಗೆ ಮನಸ್ಸಿತ್ತಾ?” ಎಂದು ಕೇಳಿದೆ.

ಮಗುವಿಗೆ ಎಣ್ಣೆ ತಿಕ್ಕುತ್ತ, “ನೀನು ಬ್ಯಾಡ ಅಂದ್ಯಲ್ಲವ್ವ, ನಾನ್ ಯೋಚ್ನೇನೇ ಮಾಡ್ಲಿಲ್ಲ” ಎಂದಳು.

ನಾನು ಅನ್ನಲಿಲ್ಲ ಎಂದು ಮತ್ತೆ ಹೇಳಹೋದೆ. ಅಷ್ಟರಲ್ಲಿ, ಅಂದಿರಲಿಲ್ಲವಾ ಎಂದು ನನಗೇ ಅನುಮಾನ ಬಂತು. ಎದ್ದು ಮಗುವಿಗೆ ನೀರು ಕಾಯಿಸಲು ಹೋದೆ.