ಮೂರು ವಾರ ಮಾಗಿಸಿದ ಮಾವು

ಇ-ಸಿಗರೇಟಿಗೆ ಇನ್ನೂ ನಿಷೇಧ ಬಂದಿರದ ಕಾಲ; ಸಿಗರೇಟು ಬಿಡಬೇಕೆಂದು ಆಗಷ್ಟೇ ಅದನ್ನು ಹಿಡಿದಿದ್ದೆ. ಅದಕ್ಕೆ ಹಾಕುವ ಲಿಕ್ವಿಡ್ಡನ್ನು ಕತ್ತಲಲ್ಲಿಟ್ಟರೆ ರುಚಿ ಹದಕ್ಕೆ ಬರುತ್ತದೆಂದು ಯಾರೋ ಹೇಳಿದ್ದರು. ಮಾವಿನ ಪರಿಮಳದ ಪುಟ್ಟ ಬಾಟಲಿಯೊಂದನ್ನು ನೋಯ್ಡಾದ ಆಫೀಸಿನ ಡ್ರಾಯರಿನಲ್ಲಿ ಮೂರು ವಾರ ಬಚ್ಚಿಟ್ಟೆ. ಮಯೂರ್ ವಿಹಾರದ ಮನೆಗೆ ಒಯ್ಯುವ ದಿನ ಮೆಟ್ರೋ ಸ್ಟೇಷನ್ನಿನ ತಪಾಸಣೆಯಲ್ಲಿ ಭದ್ರತಾ ಪಡೆಯ ಜವಾನ ಅದನ್ನು ನನ್ನ ಬ್ಯಾಗಿನಿಂದ ಹೊರತೆಗೆದ.

"ಏನಿದು?"

"ಮಾವಿನ ಫ್ಲೇವರ್, ಭಯ್ಯಾ. ಮೂರು ವಾರ ಮಾಗಿಸಿದ್ದೇನೆ."

"ಅಚ್ಛಾ! ಒಂದು ಗುಟುಕು ಕುಡಿದು ತೋರಿಸಿ."

"ಅಯ್ಯೋ, ಕುಡಿಯಬಾರದು, ವಿಷ!" ಎಂದುಬಿಟ್ಟೆ.

ನನ್ನ ಹಿಂದಿನ ಸಾಲು ಎರಡು ಹೆಜ್ಜೆ ಹಿಂದಕ್ಕೆ ಸರಿಯಿತು. ಬೆವರುತ್ತಾ ನಿಕೋಟಿನ್, ಆವಿ ಎಂದೆಲ್ಲ ವಿವರಿಸಿ, ಅಲ್ಲೇ ಒಂದು ದಮ್ಮು ಎಳೆದು ತೋರಿಸುತ್ತೇನೆಂದೆ.

"ಸ್ಟೇಷನ್ನಿನಲ್ಲಿ ಸೇದುವಂತಿಲ್ಲ," ಎಂದು ಗದರಿ, ಮೂಸಿ ನೋಡಿ, ನಗುತ್ತಾ ಬಾಟಲಿ ಹಿಂದಿರುಗಿಸಿದ. "ವಿಷಕ್ಕೂ ರುಚಿ ಬರಲೆಂದು ಮೂರು ವಾರ ಕಾದಿರಾ, ಸಾಹೇಬರೇ?"

ಮನೆಗೆ ಬಂದು ಆಸೆಯಿಂದ ಸೇದಿದೆ. ಅಪ್ಪಟ ಕೆಮ್ಮಿನ ಸಿರಪ್ಪಿನ ರುಚಿ.